ಚಿತ್ರ ನೋಡುವವರ ಹೊಣೆ

ಪ್ರತಿ ವರ್ಷವೂ ನಮ್ಮ ಸಂಘದ ರಾಜ್ಯೋತ್ಸವದ ಅಂಗವಾಗಿ ಸದಸ್ಯರು ತೆಗೆದ ಛಾಯಾಚಿತ್ರಗಳ ಪ್ರದರ್ಶನವೊಂದು ಏರ್ಪಡುತ್ತದೆ. ಸಭಾಭವನದ ಪಡಸಾಲೆಯಲ್ಲಿ ಹಗ್ಗ ಕಟ್ಟಿ, ಚಿತ್ರಗಳನ್ನು ಅಂಟಿಸಿದ ರಟ್ಟುಗಳನ್ನು ಅದಕ್ಕೆ ತೂಗುಹಾಕಲಾಗುತ್ತದೆ. ನಾಟಕಕ್ಕೋ ಭಾಷಣಕ್ಕೋ ಬಂದ ಸಭಿಕರು ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದು ಆ ಚಿತ್ರಗಳ ಮುಂದೆ ಹಾದುಹೋಗುತ್ತಾರೆ. ಆಗ ಕಿವಿಗೆ ಬೀಳುವ ಮಾತುಗಳನ್ನು ನಾನು ಹಲವು ವರ್ಷಗಳಿಂದ ಆಲಿಸುತ್ತ ಬಂದಿದ್ದೇನೆ. ಅವು ಬಹುಮಟ್ಟಿಗೆ ಎರಡೇ ಬಗೆಯವು. ಚಿತ್ರ ತೆಗೆದವರು ಪಕ್ಕದಲ್ಲಿದ್ದರೆ, "ಬಹಳ ಚೆನ್ನಾಗಿದೆ." ಅವರು ಅತ್ತ ಸರಿದರೆ, "ಇದರಲ್ಲೇನು ಮಹಾ? ಒಳ್ಳೆಯ ಕ್ಯಾಮರಾ ಇದ್ದರೆ ಯಾರಾದರೂ ತೆಗೆದಾರು." ಮೊದಲನೆಯದು ಸೌಜನ್ಯವೆಂದೂ ಎರಡನೆಯದು ಅಸೂಯೆಯೆಂದೂ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ನನ್ನ ಅಭಿಪ್ರಾಯದಲ್ಲಿ ಎರಡೂ ಒಂದೇ. ಎರಡನ್ನು ಆಡಿದವರೂ ಚಿತ್ರವನ್ನು ನೋಡಿಲ್ಲ.

ಹವ್ಯಾಸಿಯೊಬ್ಬನ ಚಿತ್ರವನ್ನು ಕುರಿತು ಅವನಿಗೆ ಉಪಯೋಗಕ್ಕೆ ಬರುವಂತಹ ಮಾತನ್ನಾಡುವುದು ಹೇಗೆ, ಅದು ನಮ್ಮ ಹೊಣೆಯೇಕೆ ಎಂಬುದನ್ನು ವಾಚಕರೊಡನೆ ವಿಚಾರ ಮಾಡುವುದೇ ಈ ಲೇಖನದ ಉದ್ದೇಶ. ಉಪದೇಶ ಮಾಡುವ ಅಧಿಕಾರ ನನಗಿದೆಯೆಂದಲ್ಲ. ತಪ್ಪು ಮಾಡಿ ಕಲಿತವನು ನಾನು. ಆ ತಪ್ಪನ್ನೇ ಮೊದಲು ಒಪ್ಪಿಸಿಬಿಡುತ್ತೇನೆ.

2014ರ ಪ್ರದರ್ಶನಕ್ಕೆ ಚಿತ್ರಗಳನ್ನು ಆರಿಸಲು ನೇಮಕಗೊಂಡ ಮೂವರಲ್ಲಿ ನಾನೂ ಒಬ್ಬನಾಗಿದ್ದೆ. ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಹೋಟೆಲೊಂದರ ಗಲ್ಲಾದಲ್ಲಿ ಕುಳಿತು ಲೆಕ್ಕ ನೋಡಿಕೊಳ್ಳುತ್ತಿದ್ದ ಯುವಕನೊಬ್ಬ ಒಂದೇ ಒಂದು ಚಿತ್ರವನ್ನು ತಂದಿದ್ದ. ಯಾರಿಂದಲೋ ಕೊಂಡ ಹಳೆಯ ಡಿಜಿಟಲ್ ಕ್ಯಾಮರಾದಿಂದ ತೆಗೆದದ್ದು. 12 × 18 ಅಂಗುಲದ ಕಾಗದದಲ್ಲಿ ಖರ್ಚು ಮಾಡಿ ಮುದ್ರಿಸಿದ್ದ. ಹಂಚಿನ ಮನೆಯ ಅಡುಗೆಕೋಣೆ. ಮಾಡಿನ ಗಾಜಿನ ಹಂಚಿನಿಂದ ಬೆಳಕಿನ ಕೋಲೊಂದು ಓರೆಯಾಗಿ ಇಳಿದಿದೆ. ಸೌದೆ ಒಲೆಯ ಹೊಗೆ ಆ ಕೋಲನ್ನು ಸುತ್ತಿಕೊಂಡು ಮೇಲೇರುತ್ತಿದೆ. ಒಲೆಯ ಮುಂದೆ ಕುಳಿತ ಹೆಂಗಸಿನ ಮುಖ ಮಾತ್ರ ಮಸಿಯಂತೆ ಕಪ್ಪು. ಏಳೆಂಟು ಜನ ಸುತ್ತ ನಿಂತಿದ್ದರು. ನಾನು ಹೇಳಿದೆ: "ಏನಪ್ಪಾ, ಅಮ್ಮನ ಮುಖವೇ ಕಾಣುವುದಿಲ್ಲವಲ್ಲ! ಹೊಗೆ ತೋರಿಸಲು ಇಷ್ಟು ದೊಡ್ಡ ಕಾಗದ ಬೇಕಿತ್ತೆ?" ಎಲ್ಲರೂ ನಕ್ಕರು. ಅವನೂ ನಕ್ಕು, ಚಿತ್ರವನ್ನು ಸುರುಳಿ ಸುತ್ತಿಕೊಂಡು ಹೋದ.

ಮುಂದಿನ ಎರಡು ವರ್ಷ ಅವನು ಪ್ರದರ್ಶನದತ್ತ ಸುಳಿಯಲಿಲ್ಲ. 2017ರಲ್ಲಿ ಅವನ ಹೋಟೆಲಿಗೆ ಹೋಗಿದ್ದಾಗ, ಈಗ ಚಿತ್ರ ತೆಗೆಯುವುದಿಲ್ಲವೇ ಎಂದು ಸಹಜವಾಗಿ ಕೇಳಿದೆ. ಕ್ಯಾಮರಾವನ್ನು ಊರಿನಲ್ಲಿ ತಮ್ಮನಿಗೆ ಕೊಟ್ಟುಬಂದೆನೆಂದು ತಿಳಿಸಿದ. ಆಮೇಲೆ ಚಿಲ್ಲರೆ ಎಣಿಸುತ್ತಲೇ, "ಸರ್, ಆವತ್ತು ನಾನು ತೆಗೆದದ್ದು ಹೊಗೆಯ ಚಿತ್ರವನ್ನೇ" ಎಂದ.

ವಿವರವಾಗಿ ಕೇಳಿದಾಗ ವಿಷಯ ತಿಳಿಯಿತು. ಅವನ ತಾಯಿ ಮದುವೆಯಾಗಿ ಬಂದ ದಿನದಿಂದ ಆ ಒಲೆಯ ಮುಂದೆ ಕುಳಿತವರು. ಕಣ್ಣಲ್ಲಿ ಸದಾ ನೀರು, ಬೆಳಗಿನ ಜಾವ ಬಿಡದ ಕೆಮ್ಮು. ಮಗ ಮುಂಬಯಿಯ ಸಂಪಾದನೆಯಲ್ಲಿ ಉಳಿಸಿದ ಹಣದಿಂದ ಮನೆಗೆ ಗ್ಯಾಸ್ ಒಲೆ ತರಿಸಿದ್ದ. ಅದು ಬರುವ ದಿನ ಬೆಳಗ್ಗೆ, ಸೌದೆ ಒಲೆಯ ಕೊನೆಯ ಹೊಗೆಯನ್ನು ಅವನು ಚಿತ್ರ ತೆಗೆದಿದ್ದ. ಸೌದೆಯ ಹೊಗೆ ಶ್ವಾಸಕೋಶಕ್ಕೂ ಕಣ್ಣಿಗೂ ಮಾಡುವ ಹಾನಿಯನ್ನು ವೈದ್ಯರು ಪುಟಗಟ್ಟಲೆ ಬರೆದು ತಿಳಿಸುತ್ತಾರೆ. ಇವನು ಅದನ್ನು ಒಂದು ಚಿತ್ರದಲ್ಲಿ ಹೇಳಹೊರಟಿದ್ದ. ಅದನ್ನೇ ನಾನು ಹಾಸ್ಯಕ್ಕೆ ಬಳಸಿಕೊಂಡಿದ್ದೆ.

ಮುಖ ಕಪ್ಪಾಗಿದೆಯೆಂದು ನಾನು ಹೇಳಿದ್ದು ಸುಳ್ಳಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಮುಖ ನಿಜವಾಗಿಯೂ ಕಪ್ಪಾಗಿತ್ತು. ಅದಕ್ಕೆ ಕಾರಣವೂ ಸ್ಪಷ್ಟ. ಕ್ಯಾಮರಾ ತನ್ನ ಮುಂದಿರುವ ಒಟ್ಟು ಬೆಳಕನ್ನು ಅಳೆದು ಅದನ್ನೊಂದು ನಡುಮಟ್ಟಕ್ಕೆ ತರಲು ನೋಡುತ್ತದೆ. ಗಾಜಿನ ಹಂಚಿನಿಂದ ಬಿದ್ದ ಪ್ರಖರವಾದ ಬೆಳಕು ಆ ಅಳತೆಯನ್ನು ಏರಿಸಿತು. ಕ್ಯಾಮರಾ ಒಳಗೆ ಬಿಡುವ ಬೆಳಕನ್ನು ತಗ್ಗಿಸಿತು. ನೆರಳಿನಲ್ಲಿದ್ದ ಮುಖ ಮುಳುಗಿತು. ಬೆಳಕನ್ನು ಎರಡು ಪಟ್ಟು ಅಥವಾ ನಾಲ್ಕು ಪಟ್ಟು ಹೆಚ್ಚು ಬಿಟ್ಟಿದ್ದರೆ, ಇಲ್ಲವೇ ತಾಯಿ ಒಲೆಯ ಉರಿಯತ್ತ ಬಾಗುವ ಕ್ಷಣಕ್ಕೆ ಕಾದಿದ್ದರೆ, ಮುಖದ ಅಂಚಾದರೂ ಮೂಡುತ್ತಿತ್ತು. "ಏನನ್ನು ತೋರಿಸಬೇಕೆಂದಿದ್ದೆ?" ಎಂಬ ಒಂದೇ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದರೆ ಈ ಮಾತೆಲ್ಲ ಅವನಿಗೆ ದಕ್ಕುತ್ತಿತ್ತು. ಕೇಳದೆ ಆಡಿದ್ದರಿಂದ ಸತ್ಯವಾದ ಮಾತೂ ವ್ಯರ್ಥವಾಯಿತು. ಅಷ್ಟೇ ಅಲ್ಲ, ಒಬ್ಬನ ಕೈಯಿಂದ ಕ್ಯಾಮರಾವನ್ನು ಕಸಿದುಕೊಂಡಿತು.

ಈ ಸಂಚಿಕೆಯಲ್ಲಿ ಆರೋಗ್ಯವನ್ನು ಕುರಿತ ಲೇಖನಗಳೂ ಇರುವುದರಿಂದ ವೈದ್ಯರ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಒಳ್ಳೆಯ ವೈದ್ಯರು ರೋಗಿಯನ್ನು ಕಂಡೊಡನೆ "ಎಲ್ಲ ಚೆನ್ನಾಗಿದೆ" ಎಂದು ಬೆನ್ನು ತಟ್ಟಿ ಕಳುಹಿಸುವುದಿಲ್ಲ. "ನಿಮ್ಮ ದೇಹವೇ ಸರಿಯಿಲ್ಲ" ಎಂದು ಗದರುವುದೂ ಇಲ್ಲ. ಮೊದಲು ಕೇಳುತ್ತಾರೆ, ಅನಂತರ ಪರೀಕ್ಷಿಸುತ್ತಾರೆ, ಆಮೇಲೆ ಇಂಥದ್ದೇ ದೋಷವೆಂದು ಗುರುತಿಸಿ ಇಂಥದ್ದೇ ಪಥ್ಯವೆಂದು ಹೇಳುತ್ತಾರೆ. ನಿದಾನವಿಲ್ಲದ ಚಿಕಿತ್ಸೆ ಹೇಗೋ ಹಾಗೆಯೇ ಪ್ರಶ್ನೆಯಿಲ್ಲದ ವಿಮರ್ಶೆ.

ಛಾಯಾಗ್ರಹಣದ ಇತಿಹಾಸದಲ್ಲಿ ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಎಂಬ ಮಹಿಳೆ ಹುಟ್ಟಿದ್ದು 1815ರಲ್ಲಿ, ಕಲ್ಕತ್ತೆಯಲ್ಲಿ. ಮುಂದೆ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ನೆಲೆಸಿದ್ದಾಗ, 1863ರ ಕೊನೆಯಲ್ಲಿ, ಅವರ ಮಗಳು ಮತ್ತು ಅಳಿಯ ಅವರಿಗೊಂದು ಕ್ಯಾಮರಾವನ್ನು ಉಡುಗೊರೆಯಾಗಿ ಕೊಟ್ಟರು. ಆಗ ಅವರಿಗೆ 48 ವರ್ಷ. ಕಲ್ಲಿದ್ದಲಿನ ಕೋಣೆಯನ್ನು ಕತ್ತಲ ಕೋಣೆಯಾಗಿಯೂ ಕೋಳಿಗೂಡನ್ನು ಗಾಜಿನ ಸ್ಟುಡಿಯೋ ಆಗಿಯೂ ಮಾಡಿಕೊಂಡು ಅವರು ಬಂಧುಗಳ, ಮನೆಯ ಕೆಲಸದವರ, ಕವಿಗಳ ಹಾಗೂ ವಿಜ್ಞಾನಿಗಳ ಮುಖಗಳನ್ನು ತೀರ ಹತ್ತಿರದಿಂದ ಚಿತ್ರಿಸತೊಡಗಿದರು. ಅಂದಿನ ಛಾಯಾಗ್ರಹಣ ಪತ್ರಿಕೆಗಳು ಅವರನ್ನು ಕಟುವಾಗಿ ಟೀಕಿಸಿದವು. ಚಿತ್ರಗಳು ಮಸುಕಾಗಿವೆ, ಗಾಜಿನ ಫಲಕಗಳ ಮೇಲೆ ಗೀರುಗಳೂ ಕಲೆಗಳೂ ಇವೆ, ಇದು ಅಜಾಗರೂಕತೆ ಎಂಬುದು ಆಕ್ಷೇಪ.

ಆ ಟೀಕಾಕಾರರು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದರು. ಗೀರು ಕಲೆಗಳು ಕೈಚಳಕದ ಕೊರತೆ, ಅಭ್ಯಾಸದಿಂದ ತಿದ್ದಿಕೊಳ್ಳಬಹುದಾದವು. ಆದರೆ ಮೃದುವಾದ ಮಸುಕು ಅವರು ಬೇಕೆಂದೇ ಉಳಿಸಿಕೊಂಡದ್ದು. ಚೂಪಾದ ಗೆರೆಗಿಂತ ಮುಖದ ಒಳಭಾವವೇ ಅವರಿಗೆ ಮುಖ್ಯವಾಗಿತ್ತು. ಇನ್ನೊಂದು ಕಡೆ, ಚಿತ್ರಕಾರ ಜಿ. ಎಫ್. ವಾಟ್ಸ್, ವಿಜ್ಞಾನಿ ಸರ್ ಜಾನ್ ಹರ್ಷೆಲ್ ಮೊದಲಾದವರ ಸ್ನೇಹ ಮತ್ತು ಪ್ರೋತ್ಸಾಹ ಅವರಿಗಿತ್ತು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯ 1865ರಲ್ಲಿಯೇ ಅವರ ಚಿತ್ರಗಳನ್ನು ಕೊಂಡಿತು. ಹರ್ಷೆಲ್ಲರನ್ನು 1867ರಲ್ಲಿ ಅವರು ತೆಗೆದ ಚಿತ್ರ ಇಂದಿಗೂ ಜಗತ್ತಿನ ಶ್ರೇಷ್ಠ ಮುಖಚಿತ್ರಗಳಲ್ಲಿ ಒಂದೆನಿಸಿದೆ. ಶ್ರೀಮತಿ ಕ್ಯಾಮರನ್ ಅವರಿಗೆ ದಿಟ್ಟತನವೂ ಅನುಕೂಲವೂ ಇದ್ದವು, ಟೀಕೆಯನ್ನು ತಾಳಿಕೊಂಡರು. ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡಿದು, ವಾರದ ರಜೆಯಲ್ಲಿ ಕ್ಯಾಮರಾ ಹಿಡಿಯುವ ನಮ್ಮ ಹುಡುಗರಿಗೆ ಅಷ್ಟು ಬಲ ಎಲ್ಲಿಂದ ಬರಬೇಕು? ದೋಷ ಯಾವುದು, ಉದ್ದೇಶ ಯಾವುದು ಎಂಬುದನ್ನು ಬೇರ್ಪಡಿಸಿ ನೋಡುವ ಶ್ರಮವನ್ನು ನಾವೇ ತೆಗೆದುಕೊಳ್ಳಬೇಕು.

ಹಾಗಾದರೆ ಹೊಗಳಿ ಸುಮ್ಮನಿರುವುದೇ ಕ್ಷೇಮವಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲವೆಂಬುದು ನನ್ನ ದೃಢವಾದ ಅಭಿಮತ. ಚಿತ್ರ ತೆಗೆದವನಿಗೆ ತನ್ನ ಚಿತ್ರದ ದೋಷ ಕಾಣುವುದು ಬಹಳ ಕಷ್ಟ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ನಮ್ಮ ಕಣ್ಣು ಮನಸ್ಸಿನ ಅಂಕೆಯಲ್ಲಿರುವಂಥದು. ಬೇಕಾದುದನ್ನು ಮಾತ್ರ ನೋಡಿ ಬೇಡವಾದುದನ್ನು ಬಿಟ್ಟುಬಿಡುತ್ತದೆ. ಮಸೂರಕ್ಕೆ ಆ ದಾಕ್ಷಿಣ್ಯವಿಲ್ಲ. ಗೇಟ್‌ವೇ ಆಫ್ ಇಂಡಿಯಾದ ಮುಂದೆ ಊರಿನಿಂದ ಬಂದ ಅತ್ತೆ ಮಾವಂದಿರನ್ನು ನಿಲ್ಲಿಸಿ ಚಿತ್ರ ತೆಗೆಯುವವನಿಗೆ ಅವರ ಮುಖದ ಸಂತೋಷ ಮಾತ್ರ ಕಾಣುತ್ತದೆ. ಮಾವನ ತಲೆಯಿಂದ ಮೇಲೆದ್ದಂತೆ ತೋರುವ ದೀಪದ ಕಂಬ ಕಾಣುವುದು ಚಿತ್ರ ಕೈಗೆ ಬಂದ ಮೇಲೆ, ಅದೂ ಬೇರೆಯವರ ಕಣ್ಣಿಗೆ. ಅಲ್ಲದೆ, ಆ ಕ್ಷಣದ ಗಾಳಿ, ಸದ್ದು, ಮಾತು ಎಲ್ಲವೂ ತೆಗೆದವನ ನೆನಪಿನಲ್ಲಿದ್ದು ಚಿತ್ರವನ್ನು ತುಂಬಿಕೊಡುತ್ತವೆ. ನೋಡುವವನಿಗೆ ಸಿಗುವುದು ಚೌಕಟ್ಟಿನೊಳಗಿನದು ಮಾತ್ರ. ಆದುದರಿಂದಲೇ ಹವ್ಯಾಸಿಗೆ ಎರಡನೆಯ ಕಣ್ಣು ಬೇಕು. ಆ ಕಣ್ಣಾಗಬೇಕಾದ ನಾವು "ಚೆನ್ನಾಗಿದೆ" ಎಂದು ಹೇಳಿ, ಅಥವಾ ಇಂದಿನ ಪದ್ಧತಿಯಂತೆ ಮೊಬೈಲಿನಲ್ಲಿ ಹೆಬ್ಬೆರಳಿನ ಗುರುತನ್ನು ಒತ್ತಿ, ಕೈತೊಳೆದುಕೊಂಡರೆ ಅವನು ಇದ್ದಲ್ಲಿಯೇ ಇರುತ್ತಾನೆ.

ಇನ್ನು, ಉಪಯುಕ್ತವಾದ ಮಾತನ್ನಾಡುವ ಕ್ರಮ ಹೇಗೆ? ಅನುಭವದಿಂದ ನಾನು ಕಂಡುಕೊಂಡದ್ದನ್ನು ಹೇಳುತ್ತೇನೆ.

ಮೊದಲನೆಯದಾಗಿ, ಮಾತನಾಡುವ ಮುನ್ನ ಅರ್ಧ ನಿಮಿಷವಾದರೂ ಚಿತ್ರವನ್ನು ಸುಮ್ಮನೆ ನೋಡಬೇಕು. ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎಲ್ಲಿಗೆ ಸರಿಯಿತು, ಎಲ್ಲಿ ತಡೆಯಿತು ಎಂಬುದನ್ನು ಗಮನಿಸಿಕೊಳ್ಳಬೇಕು. "ನಮಗೇನು ಗೊತ್ತು? ನಾವು ತಜ್ಞರಲ್ಲ" ಎಂದು ಹಿಂಜರಿಯುವವರು ಈ ಮಾತನ್ನು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. "ನನ್ನ ಕಣ್ಣು ಮೊದಲು ಮೂಲೆಯ ಕೆಂಪು ಬಕೆಟ್ಟಿಗೆ ಹೋಯಿತು, ಮಗುವನ್ನು ಆಮೇಲೆ ನೋಡಿದೆ" ಎಂದು ಹೇಳಲು ಯಾವ ಪಾಂಡಿತ್ಯವೂ ಬೇಕಿಲ್ಲ. ಚಿತ್ರ ತೆಗೆದವನಿಗೆ ಅದಕ್ಕಿಂತ ಬೆಲೆಯುಳ್ಳ ಮಾತು ಇನ್ನೊಂದಿಲ್ಲ.

ಎರಡನೆಯದಾಗಿ, ಉದ್ದೇಶವನ್ನು ಕೇಳಬೇಕು. ಇದನ್ನು ಮೇಲೆ ವಿವರಿಸಿದ್ದಾಗಿದೆ.

ಮೂರನೆಯದಾಗಿ, ಚಿತ್ರದಲ್ಲಿ ಏನು ಸಾಧಿಸಿದೆಯೋ ಅದನ್ನು ಹೆಸರಿಸಿ ಹೇಳಬೇಕು. "ಸೊಗಸಾಗಿದೆ" ಎಂಬುದು ಹೆಸರಿಸಿದಂತಲ್ಲ. "ಸಸೂನ್ ಡಾಕಿನ ಮೀನುಗಾರ ಹೆಂಗಸರು ನಿಮ್ಮತ್ತ ನೋಡದೆ ತಮ್ಮ ಕೆಲಸದಲ್ಲಿಯೇ ಮಗ್ನರಾಗಿದ್ದಾರೆ, ನೀವು ಅಲ್ಲಿ ಸಾಕಷ್ಟು ಹೊತ್ತು ನಿಂತು ಅವರ ವಿಶ್ವಾಸ ಗಳಿಸಿದ್ದೀರಿ" ಎಂದರೆ ಅದು ಹೆಸರಿಸಿದಂತೆ. ತಾನು ಯಾವುದನ್ನು ಸರಿಯಾಗಿ ಮಾಡಿದೆನೆಂದು ತಿಳಿಯದವನು ಮುಂದಿನ ಸಲ ಅದನ್ನೇ ಕೈಬಿಡಬಹುದು.

ನಾಲ್ಕನೆಯದಾಗಿ, ಒಂದೇ ಒಂದು ದೋಷವನ್ನು, ಅದರ ಪರಿಹಾರದೊಡನೆ ಹೇಳಬೇಕು. "ಚಿತ್ರ ಅಲುಗಿದೆ" ಎಂಬುದು ಆರೋಪ. "ಓಡುವ ಬಸ್ಸಿನ ಕಿಟಕಿಯಿಂದ ತೆಗೆಯುವಾಗ ಶಟರ್ ವೇಗವನ್ನು ಸೆಕೆಂಡಿನ 1/500 ಭಾಗಕ್ಕೋ ಅದಕ್ಕಿಂತ ಚುರುಕಿಗೋ ಇಟ್ಟು ನೋಡಿ, ಕೈಯನ್ನು ಕಿಟಕಿಯ ಸರಳಿಗೆ ತಾಗಿಸಬೇಡಿ" ಎಂಬುದು ಸಹಾಯ. ಅಂಚಿನಲ್ಲಿ ಬೇಡದ ವಸ್ತುಗಳು ನುಗ್ಗಿದ್ದರೆ ಮಾತಿಗಿಂತ ರಟ್ಟಿನ ಎರಡು ಪಟ್ಟಿಗಳು ಮೇಲು. ಮೂಲೆಗಟ್ಟಿನ ಆಕಾರದಲ್ಲಿ ಕತ್ತರಿಸಿದ ಆ ಪಟ್ಟಿಗಳನ್ನು ಚಿತ್ರದ ಮೇಲಿಟ್ಟು ಹಿಂದೆ ಮುಂದೆ ಸರಿಸಿದರೆ, ಎಷ್ಟು ಬಿಟ್ಟರೆ ಎಷ್ಟು ಉಳಿಯುತ್ತದೆ ಎಂಬುದನ್ನು ತೆಗೆದವನು ತಾನೇ ಕಂಡುಕೊಳ್ಳುತ್ತಾನೆ. ಹತ್ತು ದೋಷಗಳನ್ನು ಒಟ್ಟಿಗೆ ಎಣಿಸಿದರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಅವಮಾನ ಮಾತ್ರ ಉಳಿಯುತ್ತದೆ.

ಐದನೆಯದಾಗಿ, ನಿಯಮಗಳನ್ನು ದೊಣ್ಣೆಯಂತೆ ಬೀಸಬಾರದು. ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಮುಖ್ಯ ವಸ್ತುವನ್ನು ಆ ಗೆರೆಗಳ ಮೇಲೆ ಇರಿಸಬೇಕೆಂಬ 'ಮೂರನೆಯ ಒಂದರ ನಿಯಮ'ವನ್ನು ನಮ್ಮ ತೀರ್ಪುಗಾರರು ಮನುಸ್ಮೃತಿಯಂತೆ ಉದ್ಧರಿಸುತ್ತಾರೆ. ಆ ಹೆಸರನ್ನು ಬಳಕೆಗೆ ತಂದವನು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ; 1797ರಲ್ಲಿ, ಗ್ರಾಮೀಣ ದೃಶ್ಯಗಳ ಚಿತ್ರಕಲೆಯ ಬಗ್ಗೆ ಬರೆದ ಪುಸ್ತಕದಲ್ಲಿ. ಛಾಯಾಗ್ರಹಣದ ಆವಿಷ್ಕಾರ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಕ್ಯಾಮರಾ ಬರುವುದಕ್ಕೆ 42 ವರ್ಷ ಮೊದಲು ಕುಂಚ ಹಿಡಿದವರಿಗೆ ಹೇಳಿದ ಮಾತದು. ಒಳ್ಳೆಯ ಸಲಹೆಯೇ ಹೌದು, ಆದರೆ ಶಾಸನವಲ್ಲ. ಅಜ್ಜಿಯ ಮುಖ ಚೌಕಟ್ಟಿನ ನಟ್ಟನಡುವೆ ಇದ್ದರೆ ಕೆಲವೊಮ್ಮೆ ಅದೇ ಸರಿಯಾದ ಜಾಗ.

ಗುರುಗಳ ಏಟು ತಿಂದೇ ನಾವು ಕಲಿತೆವು, ಮೃದುವಾಗಿ ಹೇಳಿದರೆ ಯಾರು ಕಲಿಯುತ್ತಾರೆ ಎಂದು ವಾದಿಸುವ ಹಿರಿಯರಿದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೇ. ಏಟು ತಿಂದು ಉಳಿದವರನ್ನು ಮಾತ್ರ ನೀವು ಕಾಣುತ್ತಿದ್ದೀರಿ. ಬಿಟ್ಟುಹೋದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಅಲ್ಲದೆ, ನಾನು ಹೇಳುತ್ತಿರುವುದು ಮೃದುತ್ವವನ್ನಲ್ಲ, ನಿಖರತೆಯನ್ನು. ಕಟುವಾದ ಮಾತು ಸಾಮಾನ್ಯವಾಗಿ ಸೋಮಾರಿಯಾದ ಮಾತು. ಚಿತ್ರದ ಬಗ್ಗೆ ಹೇಳಲು ತೋಚದಾಗ ನಾವು ಚಿತ್ರ ತೆಗೆದವನ ಬಗ್ಗೆ ಹೇಳಿಬಿಡುತ್ತೇವೆ. ಹಾಗೆಯೇ, ಕುಣಿಯಲಾರದವಳು ನೆಲ ಡೊಂಕು ಎಂದಂತೆ ಪ್ರತಿಯೊಂದಕ್ಕೂ ಕ್ಯಾಮರಾವನ್ನೇ ದೂರುವ ಹವ್ಯಾಸಿಗಳೂ ಇದ್ದಾರೆ ಎಂಬುದನ್ನು ಒಪ್ಪುತ್ತೇನೆ. ಮಾತನ್ನು ಕೇಳಿಸಿಕೊಳ್ಳುವ ಹೊಣೆ ಅವರದು. ಆದರೆ ಕೇಳಿಸಿಕೊಳ್ಳಲು ಅರ್ಹವಾದ ಮಾತನ್ನು ಆಡುವ ಹೊಣೆ ಮೊದಲು ನಮ್ಮದು.

ಇದು ನಮ್ಮಲ್ಲಿ ಹೊಸದಾಗಿ ಹುಟ್ಟಬೇಕಾದ ಸಂಪ್ರದಾಯವೇನಲ್ಲ. ನಾವು ವಾಸಿಸುವ ಈ ಮುಂಬಯಿಯಲ್ಲಿ 1854ರಷ್ಟು ಹಿಂದೆಯೇ ಛಾಯಾಗ್ರಹಣ ಸಂಘವೊಂದು ಸ್ಥಾಪನೆಯಾಯಿತು. ಡಾ. ಭಾವು ದಾಜಿಯವರ ತಮ್ಮ, ವೃತ್ತಿಯಿಂದ ವೈದ್ಯರಾಗಿದ್ದ ಡಾ. ನಾರಾಯಣ ದಾಜಿಯವರು ಅದರಲ್ಲಿ ಸಕ್ರಿಯ ಹವ್ಯಾಸಿಯಾಗಿದ್ದರು. ಬೆಂಗಳೂರಿನಲ್ಲಿ 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಯಿತು. ವನ್ಯಜೀವಿಗಳ ಛಾಯಾಗ್ರಹಣದಲ್ಲಿ ಅಂತಾರಾಷ್ಟ್ರೀಯ ಕೀರ್ತಿ ಪಡೆದ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಅವರು ತಾವು ಹಿರಿಯರಾದ ಒ. ಸಿ. ಎಡ್ವರ್ಡ್ಸ್ ಅವರಿಂದ ಕಲಿತುದನ್ನು ಹಲವು ತಲೆಮಾರಿನ ಹವ್ಯಾಸಿಗಳಿಗೆ ಧಾರೆಯೆರೆದರು. ವಿದ್ಯೆ ಹೀಗೆ ಕಣ್ಣಿನಿಂದ ಕಣ್ಣಿಗೆ ದಾಟುತ್ತದೆ. ನಡುವೆ ಇರುವ ಸೇತುವೆ ಮಾತು.

ಹೊರನಾಡಿನಲ್ಲಿರುವ ನಮಗಂತೂ ಈ ವಿಷಯ ಬರಿಯ ಹವ್ಯಾಸದ್ದಲ್ಲ. ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವ ನಮ್ಮವರು ತರುವ ಚಿತ್ರಗಳಲ್ಲಿ ಮಾರಿಹೋಗಲಿರುವ ಮನೆಯಿರುತ್ತದೆ, ಮುಂದಿನ ಮಳೆಗಾಲಕ್ಕೆ ಉಳಿಯದ ಹಟ್ಟಿಯಿರುತ್ತದೆ, ವಯಸ್ಸಾದ ತಂದೆತಾಯಿಗಳಿರುತ್ತಾರೆ. ಇಲ್ಲಿ ತೆಗೆದವುಗಳಲ್ಲಿ ನಾವು ಬಾಡಿಗೆಗಿದ್ದ ಚಾಳುಗಳೂ ನಾವು ದುಡಿದ ಹೋಟೆಲುಗಳೂ ಇರುತ್ತವೆ. ನಮ್ಮ ಮಕ್ಕಳ ಮಕ್ಕಳಿಗೆ ಕನ್ನಡ ಓದಲು ಬರುತ್ತದೆಯೋ ಇಲ್ಲವೋ, ಈ ಚಿತ್ರಗಳನ್ನಂತೂ ಅವರು ನೋಡಬಲ್ಲರು. ಅವು ಚೆನ್ನಾಗಿ ಮೂಡಬೇಕಾದರೆ ತೆಗೆಯುವವರು ಕಲಿಯುತ್ತಿರಬೇಕು. ಕಲಿಯಬೇಕಾದರೆ ಕೈಬಿಡದೆ ತೆಗೆಯುತ್ತಿರಬೇಕು.

ಆದುದರಿಂದ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಎರಡು ಸೂಚನೆಗಳನ್ನು ಇಡಬಯಸುತ್ತೇನೆ. ಬಹುಮಾನ ದೊರೆಯದ ಪ್ರತಿಯೊಂದು ಚಿತ್ರಕ್ಕೂ ತೀರ್ಪುಗಾರರು ಎರಡು ವಾಕ್ಯಗಳನ್ನು ಬರೆದುಕೊಡಲಿ: ಸಾಧಿಸಿದ್ದು ಒಂದು, ತಿದ್ದಿಕೊಳ್ಳಬೇಕಾದದ್ದು ಒಂದು. ಪ್ರದರ್ಶನದ ಮರುದಿನ ಒಂದು ಗಂಟೆಯ ಕಾಲ ಚಿತ್ರ ತೆಗೆದವರೂ ನೋಡಿದವರೂ ಒಟ್ಟಿಗೆ ಕುಳಿತು ಮಾತನಾಡಲಿ. ಮೊದಲ ಮಾತು ಚಿತ್ರ ತೆಗೆದವರದೇ ಇರಲಿ. ಇದಕ್ಕೆ ಖರ್ಚೇನೂ ಇಲ್ಲ, ಕಾಫಿಯ ಹೊರತು.

ಆ ಯುವಕನ ವಿಷಯವನ್ನು ಹೇಳಿ ಮುಗಿಸುತ್ತೇನೆ. ನಾನು ಕ್ಷಮೆ ಕೇಳಿದೆ, ಅವನು ಮುಜುಗರಪಟ್ಟ. ಮೂಲ ಚಿತ್ರ ಅವನ ಬಳಿ ಇನ್ನೂ ಇತ್ತು. 2018ರಲ್ಲಿ ಒಂದು ಸಂಜೆ ನಮ್ಮ ಮನೆಯ ಕಂಪ್ಯೂಟರಿನ ಮುಂದೆ ಇಬ್ಬರೂ ಕುಳಿತು ನೆರಳಿನ ಭಾಗವನ್ನು ಸ್ವಲ್ಪ ಸ್ವಲ್ಪವಾಗಿ ತಿಳಿಗೊಳಿಸಿದೆವು. ತಾಯಿಯ ಹಣೆ, ಮೂಗು, ಕೆನ್ನೆಯ ಅಂಚು ಮೂಡಿತು. ಇನ್ನಷ್ಟು ಬೆಳಗಿಸೋಣವೆಂದು ನಾನು ಹೇಳಿದೆ. ಅವನು ತುಸು ಹೊತ್ತು ನೋಡಿ, "ಬೇಡ ಸರ್. ಇದಕ್ಕಿಂತ ಬೆಳಕಾದರೆ ಅದು ನಮ್ಮ ಅಡುಗೆಮನೆಯಲ್ಲ" ಎಂದ. ನಾನು ಕೈಯನ್ನು ಹಿಂದೆಗೆದುಕೊಂಡೆ. ಸಲಹೆ ಕೊಡುವವರೆಗೆ ಮಾತ್ರ ನಮ್ಮ ಅಧಿಕಾರ, ಚಿತ್ರ ಅವನದು. ಆ ವರ್ಷದ ಪ್ರದರ್ಶನದಲ್ಲಿ ಅದು ತೂಗಿತು. ಬಹುಮಾನವೇನೂ ಬರಲಿಲ್ಲ. ಆದರೆ ಪಡಸಾಲೆಯಲ್ಲಿ ಹಲವು ಹೆಂಗಸರು ಅದರ ಮುಂದೆ ನಿಂತು, ತಮ್ಮ ತಮ್ಮ ತಾಯಂದಿರ ಒಲೆಯ ಬಗ್ಗೆ ಬಹಳ ಹೊತ್ತು ಮಾತನಾಡಿಕೊಂಡರು. ಯುವಕ ಸ್ವಲ್ಪ ದೂರದಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುತ್ತಿದ್ದ.